ಒಂದಕ್ಷರಕ್ಕಾಗಿ ಐದು ಸಲ ಗಡಿಪಾರಾ?

ಪ್ರಶ್ನೆ: ಕಲ್ಯಾಣಪುರದಲ್ಲಿ ಗೆಳತಿಯ ಮಗುವಿನ ದೀಕ್ಷಾಸ್ನಾನಕ್ಕೆ ಹೋಗಿದ್ದೆ. ಊಟದ ಹೊತ್ತಿಗೆ ಅವಳ ಮಾವ ಅಥನಾಸಿಯಸ್ ಎಂಬ ಹಳೇ ಕಾಲದ ಬಿಷಪರ ವಿಷಯ ತೆಗೆದರು. ಒಂದು ಗ್ರೀಕ್ ಅಕ್ಷರಕ್ಕಾಗಿ ಅವರನ್ನು ಐದು ಸಲ ಊರು ಬಿಡಿಸಿದರಂತೆ. ಅಷ್ಟು ಹಟ ಬೇಕಿತ್ತಾ?
– ಓದುಗರೊಬ್ಬರು, ಉಡುಪಿ

ಉತ್ತರ: ಬೇಕಿತ್ತು ಅಂತಲೇ ನಾನು ಹೇಳುತ್ತೇನೆ. ನೀವು ಉಡುಪಿಯವರು, ಒಂದಕ್ಷರದ ಬೆಲೆ ನಿಮಗೆ ಗೊತ್ತು. ಉಪನಿಷತ್ತಿನ 'ಸ ಆತ್ಮಾ ತತ್ತ್ವಮಸಿ'ಯನ್ನು ಮಧ್ವಾಚಾರ್ಯರು 'ಅತತ್ ತ್ವಮಸಿ' ಅಂತ ಬಿಡಿಸಿ ಓದಿದರು. ಒಂದು 'ಅ' ಬಂತು, 'ಅದೇ ನೀನು' ಹೋಗಿ 'ಅದು ನೀನಲ್ಲ' ಆಯಿತು. ರಥಬೀದಿಯಲ್ಲಿ ಯಾರಾದರೂ ಇದನ್ನು ಸಣ್ಣ ಮಾತು ಅಂತಾರಾ?

ಅಥನಾಸಿಯಸ್‌ರ ಊರು, ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲೂ ಹಾಗೇ ಆಯಿತು. ಅಲ್ಲಿ ಆರಿಯಸ್ ಎಂಬ ಪಾದ್ರಿ, ದೇವರ ಮಗನೂ ದೇವರು ಸೃಷ್ಟಿಸಿದವನೇ, ಅವನು ಇಲ್ಲದಿದ್ದ ಒಂದು ಹೊತ್ತಿತ್ತು ಅಂತ ಕಲಿಸುತ್ತಿದ್ದ. 325ರಲ್ಲಿ ಈಗಿನ ಟರ್ಕಿಯ ನೈಸಿಯಾದಲ್ಲಿ ಸೇರಿದ ಬಿಷಪರು ಇದನ್ನು ತಳ್ಳಿಹಾಕಿ, ತಂದೆಗೂ ಮಗನಿಗೂ ಒಂದೇ ತತ್ವ ಅಂತ ಬರೆದರು. ಅದಕ್ಕೆ ಬಳಸಿದ ಗ್ರೀಕ್ ಶಬ್ದ 'ಹೊಮೊಊಸಿಯೊಸ್'. ಭಾನುವಾರದ ಪೂಜೆಯಲ್ಲಿ ಎದ್ದು ನಿಂತು ಹೇಳುವ ವಿಶ್ವಾಸ ಪ್ರಮಾಣದ ಮೂಲ ಅದೇ. ಅಥನಾಸಿಯಸ್ ಆಗಿನ್ನೂ ಡೀಕನ್, ಅಂದರೆ ಪಾದ್ರಿಗಿಂತ ಕೆಳಗಿನ ಸೇವಕ, ತಮ್ಮ ಬಿಷಪರ ಜೊತೆ ಹೋಗಿದ್ದರು. ಬಿಷಪರಾದದ್ದು 328ರಲ್ಲಿ. ಅವರ ವಾದ ಸರಳ. ಜನ ಯೇಸುವಿಗೆ ಪ್ರಾರ್ಥನೆ ಮಾಡುತ್ತಾರೆ, ಅವನಿಂದಲೇ ಉದ್ಧಾರ ಅಂತ ನಂಬುತ್ತಾರೆ. ಅವನೂ ನಮ್ಮ ಹಾಗೆ ಸೃಷ್ಟಿಯಾದವನಾದರೆ, ಅವನು ನಮ್ಮನ್ನು ಉದ್ಧಾರ ಮಾಡುವುದು ಹೇಗೆ?

ಇನ್ನು ಆ ಅಕ್ಷರದ ವಿಷಯ. 'ಹೊಮೊಊಸಿಯೊಸ್' ನಡುವೆ 'ಇ' ಸೇರಿಸಿ, 'ಒಂದೇ ತತ್ವ' ಅಲ್ಲ, 'ತಂದೆಯಂಥದೇ ತತ್ವ' ಅನ್ನುವ ಗುಂಪು ಎದ್ದದ್ದು ಸುಮಾರು ಮೂವತ್ತು ವರ್ಷ ಕಳೆದ ಮೇಲೆ. ಆ ಹೊತ್ತಿಗೆ ಅಥನಾಸಿಯಸ್ ಮೊದಲೆರಡು ಗಡಿಪಾರು ಮುಗಿಸಿಯಾಗಿತ್ತು! ಆ ಗುಂಪಿನವರನ್ನು ಅವರು ಸಹೋದರರು ಅಂತಲೇ ಕರೆದರು. ಅರ್ಥ ಒಂದೇ ಇದೆ, ಶಬ್ದಕ್ಕೆ ಮಾತ್ರ ಹಿಂಜರಿಯುತ್ತಿದ್ದಾರೆ ಅಂದರು. ಈ ಭಾಗವನ್ನು ನಿಮ್ಮ ಗೆಳತಿಯ ಮಾವನಿಗೂ ತಿಳಿಸಿ.

ಬಿಷಪರಾಗಿದ್ದ 45 ವರ್ಷಗಳಲ್ಲಿ ಸುಮಾರು 17 ವರ್ಷ ಅವರು ಊರಿನಿಂದ ಹೊರಗೇ ಇದ್ದರು. ಓಡಿಸಿದ್ದು ನಾಲ್ಕು ರೋಮನ್ ಚಕ್ರವರ್ತಿಗಳು. ಆರೋಪಗಳೂ ಎಂಥವು ನೋಡಿ. ಆರ್ಸೇನಿಯಸ್ ಎಂಬ ಬಿಷಪರನ್ನು ಕೊಲ್ಲಿಸಿ ಅವರ ಕೈ ಕತ್ತರಿಸಿ ಇಟ್ಟುಕೊಂಡಿದ್ದಾರೆ ಅಂತ ಒಂದು. 335ರಲ್ಲಿ ಈಗಿನ ಲೆಬನಾನ್‌ನ ಟೈರ್‌ನಲ್ಲಿ ಸೇರಿದ ಬಿಷಪರ ಸಭೆಗೆ ಯಾರದೋ ಕೈಯನ್ನು ಸಾಕ್ಷಿಯಾಗಿ ತಂದೂ ತೋರಿಸಿದರು. ಅಥನಾಸಿಯಸ್ ಮೈತುಂಬ ಹೊದ್ದಿದ್ದ ಒಬ್ಬರನ್ನು ಒಳಗೆ ಕರೆಸಿದರು. ಮುಸುಕು ತೆಗೆದರೆ ಜೀವಂತ ಆರ್ಸೇನಿಯಸ್! ಹೊದಿಕೆ ಸರಿಸಿ ಒಂದು ಕೈ ತೋರಿಸಿದರು, ಆಮೇಲೆ ಇನ್ನೊಂದು. ಆದರೂ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಹೋಗುವ ಧಾನ್ಯದ ಹಡಗು ತಡೆಯುತ್ತೇನೆ ಅಂದಿದ್ದಾರೆ ಅಂತ ಇನ್ನೊಂದು ದೂರು ಹುಟ್ಟಿತು, ಈಗಿನ ಜರ್ಮನಿಯ ಟ್ರಿಯರ್‌ಗೆ ಕಳಿಸಿದರು.

ನನಗೆ ಜಾಸ್ತಿ ಕಾಡುವುದು 356ರ ಫೆಬ್ರವರಿಯ ರಾತ್ರಿ. ಚರ್ಚಿನಲ್ಲಿ ಜಾಗರಣೆ ನಡೆದಿತ್ತು. 5,000ಕ್ಕೂ ಜಾಸ್ತಿ ಸೈನಿಕರು ಸುತ್ತುವರಿದರು ಅಂತ ಅಥನಾಸಿಯಸ್ ಅವರೇ ಬರೆದಿದ್ದಾರೆ. ಅವರು ಪೀಠದಿಂದ ಏಳಲಿಲ್ಲ. ಕೀರ್ತನೆ ಓದಲು ಡೀಕನ್‌ಗೆ ಹೇಳಿದರು. ಪ್ರತಿ ಸಾಲಿಗೂ ಜನ 'ಆತನ ಕೃಪೆ ಶಾಶ್ವತ' ಅಂತ ದನಿಗೂಡಿಸಬೇಕು, ಮುಗಿದ ಮೇಲೆ ಮನೆಗೆ ಹೋಗಬೇಕು. ಬಾಗಿಲು ಒಡೆದು ಸೈನಿಕರು ನುಗ್ಗಿದರು. ನೀವು ಹೊರಡಿ ಅಂತ ಎಲ್ಲರೂ ಕೂಗಿದರೂ, ಜನರೆಲ್ಲ ಹೋಗುವ ತನಕ ನಾನು ಹೋಗೋದಿಲ್ಲ ಅಂತ ಕೂತೇ ಇದ್ದರು. ಹೆಚ್ಚಿನವರು ದಾಟಿದ ಮೇಲೆ, ಉಳಿದಿದ್ದ ಸನ್ಯಾಸಿಗಳು ಅವರನ್ನು ಎಳೆದುಕೊಂಡೇ ಹೋದರು. ಆಮೇಲೆ ಆರು ವರ್ಷ ಮರುಭೂಮಿಯಲ್ಲಿ, ಸನ್ಯಾಸಿಗಳ ನಡುವೆ.

ಕೊನೆಯ ಗಡಿಪಾರು ಮುಗಿದದ್ದು 366ರಲ್ಲಿ. ಮರುವರ್ಷ ಈಸ್ಟರ್ ಹಬ್ಬಕ್ಕೆ ಬರೆದ ಕಾಗದದಲ್ಲಿ ಹೊಸ ಒಡಂಬಡಿಕೆಗೆ ಸೇರುವ ಪುಸ್ತಕಗಳ ಹೆಸರು ಪಟ್ಟಿ ಮಾಡಿದರು. ಗೆಳತಿಯ ಮನೆಯಲ್ಲಿ ಕನ್ನಡ ಬೈಬಲ್ ಇದ್ದರೆ ಪರಿವಿಡಿ ತೆರೆದು ಮತ್ತಾಯನಿಂದ ಎಣಿಸಿ ನೋಡಿ. ಅವರು ಬರೆದ ಅದೇ 27.