ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವ ಮೊದಲು

ನಮಸ್ಕಾರ. ಮೆಲ್ಬರ್ನ್‌ಗೆ ಬಂದು ಎಂಟು ತಿಂಗಳಾಯಿತು, ಆಗಸ್ಟ್‌ನಲ್ಲಿ ಹೆರಿಗೆಯಿದೆ, ಊರಿನಿಂದ ಅಪ್ಪ-ಅಮ್ಮನನ್ನು ಒಂದು ವರ್ಷಕ್ಕೆ ಕರೆಸಿಕೊಂಡರೆ ನಮಗೂ ಅನುಕೂಲ, ಮೊಮ್ಮಗುವಿನ ಸಂಗದಲ್ಲಿ ಅವರ ಆರೋಗ್ಯವೂ ಸುಧಾರಿಸೀತು, ಈ ಯೋಚನೆ ಸರಿಯೇ ಎಂದು ಕೇಳಿದ್ದೀರಿ. 18 ವರ್ಷದಿಂದ ಇಲ್ಲಿರುವ, ಇಬ್ಬರು ಮಕ್ಕಳನ್ನು ಅಮ್ಮನ ಮಡಿಲಲ್ಲಿ ಹಾಕಿ ಬೆಳೆಸಿದ ನನ್ನ ಉತ್ತರ: ಖಂಡಿತ ಕರೆಸಿಕೊಳ್ಳಿ, ಆದರೆ ವಾರದಲ್ಲಿ ಎಷ್ಟು ದಿನ ಮಗು ಅವರ ಕೈಯಲ್ಲಿರಬೇಕೆಂಬುದನ್ನು ಟಿಕೆಟ್ ತೆಗೆಯುವ ಮೊದಲೇ ತೀರ್ಮಾನಿಸಿ.

ಇದೇ ಮೆಲ್ಬರ್ನಿನ ಸಂಶೋಧಕರು 57ರಿಂದ 68 ವರ್ಷದ 186 ಮಹಿಳೆಯರನ್ನು ಪರೀಕ್ಷಿಸಿ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ವಾರಕ್ಕೆ ಒಂದು ದಿನ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಅಜ್ಜಿಯರ ಬುದ್ಧಿ ಎಲ್ಲರಿಗಿಂತ ಚುರುಕಾಗಿತ್ತು. ಐದು ದಿನ ಅಥವಾ ಅದಕ್ಕಿಂತ ಹೆಚ್ಚು ನೋಡಿಕೊಳ್ಳುತ್ತಿದ್ದವರು ನೆನಪು ಮತ್ತು ಯೋಚನೆಯ ವೇಗವನ್ನು ಅಳೆಯುವ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಬರ್ಲಿನ್‌ನಲ್ಲಿ 70 ದಾಟಿದ 500ಕ್ಕೂ ಹೆಚ್ಚು ಹಿರಿಯರನ್ನು ವರ್ಷಗಟ್ಟಲೆ ಗಮನಿಸಿದ, 2017ರಲ್ಲಿ ಪ್ರಕಟವಾದ ಅಧ್ಯಯನವು, ಆಗಾಗ ಮೊಮ್ಮಕ್ಕಳನ್ನು ನೋಡಿಕೊಳ್ಳುವವರಲ್ಲಿ ಸಾವಿನ ಸಂಭವ ಶೇ. 37ರಷ್ಟು ಕಡಿಮೆಯಿದ್ದುದನ್ನು ಕಂಡಿತು. ಮಗುವಿನ ಪೂರ್ಣ ಹೊಣೆ ಹೊತ್ತ ಅಜ್ಜ-ಅಜ್ಜಿಯರನ್ನು ಆ ಲೆಕ್ಕಕ್ಕೆ ಸೇರಿಸಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಒಂದೆರಡು ದಿನ ಮಗುವನ್ನು ನೋಡಿಕೊಂಡು ಸಂಜೆ ತಮ್ಮ ಪಾಡಿಗೆ ತಾವಿರುವವರಿಗೂ, ಮಗ-ಸೊಸೆಯ ಮನೆಯಲ್ಲೇ ಹಗಲು-ರಾತ್ರಿ ಇರುವ ನಮ್ಮ ಅಮ್ಮಂದಿರಿಗೂ ಬಹಳ ವ್ಯತ್ಯಾಸವಿದೆ. ಮಗುವನ್ನು ಒಪ್ಪಿಸಿ ಹೋಗಲು ಇವರಿಗೆ ಇಲ್ಲಿ ಬೇರೆ ಮನೆಯಿಲ್ಲ.

2012ರಲ್ಲಿ ಮೊದಲ ಮಗುವಿಗೆಂದು ಅಮ್ಮ ಬಂದಾಗ ಇದನ್ನೆಲ್ಲ ನಾನು ಯೋಚಿಸಿರಲಿಲ್ಲ. ಬಾಣಂತನ ಮುಗಿದು ಹೆಂಡತಿ ಕೆಲಸಕ್ಕೆ ಮರಳಿದ ಮೇಲೆ, ಬೆಳಿಗ್ಗೆ ಏಳೂವರೆಯಿಂದ ಸಂಜೆ ಆರರವರೆಗೆ, ವಾರಕ್ಕೆ ಐದು ದಿನ, ಮೆಲ್ಬರ್ನಿನ ಹೊರವಲಯದ ವೆರಿಬಿಯ ನಮ್ಮ ಮನೆಯಲ್ಲಿ ಅಮ್ಮ ಮತ್ತು ಮಗು ಇಬ್ಬರೇ. ಹತ್ತು ಗಂಟೆಗೆ ಮಗು ಮಲಗಿದಾಗ ಅಮ್ಮನಿಗೆ ಸ್ವಲ್ಪ ಬಿಡುವು ಸಿಗುತ್ತಿತ್ತು. ಆದರೆ ತುಮಕೂರಿನಲ್ಲಿ ಆಗ ಬೆಳಗಿನ ಐದೂವರೆ, ನನ್ನ ಚಿಕ್ಕಮ್ಮ ಇನ್ನೂ ಬಾಗಿಲಿಗೆ ನೀರು ಹಾಕಿರುತ್ತಿರಲಿಲ್ಲ. ಚಿಕ್ಕಮ್ಮ ಮಾತಿಗೆ ಸಿಗುವ ಹೊತ್ತಿಗೆ ಇಲ್ಲಿ ಮಗು ಎದ್ದಿರುತ್ತಿತ್ತು. ಜೂನ್ ತಿಂಗಳ ಒಂದು ದಿನ ಬೇಗ ಮನೆಗೆ ಬಂದೆ. ಹೊರಗೆ ಕತ್ತಲಾಗುತ್ತಿತ್ತು. ಅಮ್ಮ ಸ್ವೆಟರ್ ಮೇಲೆ ನನ್ನ ಜಾಕೆಟ್ ಹಾಕಿಕೊಂಡು, ಮಗುವನ್ನು ಕಂಬಳಿಯಲ್ಲಿ ಸುತ್ತಿ ಸೊಂಟದ ಮೇಲೆ ಕೂರಿಸಿಕೊಂಡು ಕಿಟಕಿಯ ಬಳಿ ನಿಂತಿದ್ದರು. ಹೀಟರ್ ಆರಿತ್ತು. ನಾವು ಹೊರಟ ಮೇಲೆ, ಬಿಲ್ ಜಾಸ್ತಿ ಬಂದೀತೆಂದು, ಪ್ರತಿದಿನ ಅದನ್ನು ಆರಿಸುತ್ತಿದ್ದರಂತೆ.

ಅದಕ್ಕಿಂತ ದೊಡ್ಡ ಸಂಗತಿ ಅವರು ಊರಿಗೆ ಮರಳಿದ ಮೇಲೆ ತಿಳಿಯಿತು. ಬಿಪಿ ಮಾತ್ರೆ ಮುಗಿಯುತ್ತ ಬಂದಾಗ, ನಮಗೆ ಹೇಳಿದರೆ ಖರ್ಚೆಂದು, ದಿನ ಬಿಟ್ಟು ದಿನ ನುಂಗುತ್ತಿದ್ದರು. ಇದು ನಿಮಗೂ ಎದುರಾಗುವ ತೊಂದರೆ. ಪ್ರಯಾಣಿಕರು ತಮ್ಮೊಂದಿಗೆ ಮೂರು ತಿಂಗಳಿಗಾಗುವಷ್ಟು ಔಷಧಿಯನ್ನು ಮಾತ್ರ ತರಬಹುದು, ಊರಿನ ಡಾಕ್ಟರರ ಚೀಟಿ ಇಲ್ಲಿನ ಔಷಧಿ ಅಂಗಡಿಯಲ್ಲಿ ನಡೆಯುವುದಿಲ್ಲ, ಭಾರತದಿಂದ ಬಂದ ಸಂದರ್ಶಕರಿಗೆ ಮೆಡಿಕೇರ್, ಅಂದರೆ ಇಲ್ಲಿನ ಸರಕಾರದ ಆರೋಗ್ಯ ಸೌಲಭ್ಯ, ಇಲ್ಲ. ಆದ್ದರಿಂದ ಬಂದ ಮೊದಲ ತಿಂಗಳಲ್ಲೇ ಅವರನ್ನು ಇಲ್ಲಿನ ಡಾಕ್ಟರರಿಗೆ ತೋರಿಸಿ, ಮಾತ್ರೆಯ ಡಬ್ಬಿಯನ್ನು ನೀವೇ ವಾರಕ್ಕೊಮ್ಮೆ ತೆರೆದು ನೋಡಿ.

2016ರಲ್ಲಿ ಎರಡನೆಯ ಮಗುವಾದಾಗ ಅಪ್ಪನೂ ಜೊತೆಗೆ ಬಂದರು. ಈ ಸಲ ಮಗುವನ್ನು ಮೂರು ದಿನ ಚೈಲ್ಡ್‌ಕೇರ್‌ಗೆ ಕಳಿಸಿದೆವು, ಅಮ್ಮನಿಗೆ ಉಳಿದದ್ದು ಎರಡೇ ದಿನ. ಬುಧವಾರ ಅವರು ಅಪ್ಪನೊಂದಿಗೆ ರೈಲು ಹತ್ತಿ, ಪರಿಚಯವಾಗಿದ್ದ ಇನ್ನಿಬ್ಬರು ಕನ್ನಡದ ಅಜ್ಜಿಯರ ಮನೆಗೆ ಹೋಗುತ್ತಿದ್ದರು. ದೊಡ್ಡವನನ್ನು ಶಾಲೆಗೆ ನಡೆಸಿಕೊಂಡು ಹೋಗುವ ಕೆಲಸ ಅಪ್ಪನದಾಯಿತು. ಮನೆಯಲ್ಲಿ ತನಗೇನೂ ಕೆಲಸವಿಲ್ಲವೆಂದು ಗಂಡಸರು ಬೇಗ ಕುಗ್ಗುತ್ತಾರೆ, ಅವರಿಗೂ ಒಂದು ಹೊಣೆ ಬೇಕು. ಆ ವರ್ಷ ಅಮ್ಮ ಮಗುವಿಗೆ ಹಾಡು ಹೇಳುವುದನ್ನು ನಾನು ಕೇಳಿದೆ. ಮೊದಲ ಮಗುವಿಗೆಂದು ಬಂದಾಗ ಅವರು ಹಾಡಿದ್ದು ನನಗೆ ನೆನಪಿಲ್ಲ.

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ತಾತ್ಕಾಲಿಕ ಉದ್ಯೋಗ ವೀಸಾದವರಿಗೆ ಸರಕಾರದ ಚೈಲ್ಡ್‌ಕೇರ್ ಸಹಾಯಧನ ಸಿಗುವುದಿಲ್ಲ, ಪೂರ್ತಿ ಶುಲ್ಕವನ್ನು ಕೈಯಿಂದಲೇ ಕಟ್ಟಬೇಕು. ಎಲ್ಲವನ್ನೂ ಅಮ್ಮನಿಗೆ ವಹಿಸಿಬಿಡೋಣ ಎನ್ನಿಸುವುದು ಅದಕ್ಕೇ. ಆದರೂ ಎರಡು ದಿನದ ಶುಲ್ಕವನ್ನಾದರೂ ಈಗಿನಿಂದಲೇ ಎತ್ತಿಡಿ. ಕೆಲಸಕ್ಕೆ ಸೇರಿ 12 ತಿಂಗಳಾದ ಮೇಲೆ, ಚಿಕ್ಕ ಮಗುವಿರುವವರು ಕೆಲಸದ ಸಮಯ ಬದಲಿಸಿಕೊಡಿ ಎಂದು ಕೇಳುವ ಹಕ್ಕು ಇಲ್ಲಿನ ಕಾನೂನಿನಲ್ಲಿದೆ. ಒಂದು ದಿನವನ್ನು ನೀವೇ ನೋಡಿಕೊಳ್ಳಬಹುದು. ನಿಮ್ಮ ಅತ್ತೆ-ಮಾವನವರೂ ಬರುವುದಾದರೆ ವರ್ಷವನ್ನು ಆರಾರು ತಿಂಗಳಂತೆ ಹಂಚಿಕೊಳ್ಳಿ.

ಇಷ್ಟಾದ ಮೇಲೆ ಅಮ್ಮನಿಗೆ ಫೋನ್ ಮಾಡಿ. "ಬರ್ತೀಯಾ ಅಮ್ಮ?" ಎಂದಷ್ಟೇ ಕೇಳಿದರೆ, ಮಂಡಿ ಎಷ್ಟೇ ನೋಯುತ್ತಿರಲಿ, ಬರುತ್ತೇನೆ ಎಂದೇ ಹೇಳುತ್ತಾರೆ. ಎಷ್ಟು ತಿಂಗಳು ಊರು ಬಿಟ್ಟಿರಲು ಆದೀತು, ವಾರದಲ್ಲಿ ಯಾವ ದಿನ ನಿನಗೇ ಬೇಕು ಎಂದು ಕೇಳಿ.