ಪರದೆಯ ಮೀನು, ಹಳ್ಳದ ಮೀನು

ಪ್ರಶ್ನೆ: ನಾನು ಬಸವನ ಬಾಗೇವಾಡಿ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಶಿಕ್ಷಕಿ. ದೂರದ ಪ್ರವಾಸಕ್ಕೆ ನಮ್ಮಲ್ಲಿ ದುಡ್ಡಿಲ್ಲ, ಸ್ಮಾರ್ಟ್ ಟಿವಿ ಇದೆ. ಕಾಡು, ಸಮುದ್ರವನ್ನು ಆನ್‌ಲೈನ್‌ನಲ್ಲಿ ತೋರಿಸಿದರೆ ಐದನೇ ತರಗತಿಯ ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಮರುದಿನ ಕೇಳಿದರೆ ಏನೂ ನೆನಪಿರುವುದಿಲ್ಲ. ಇದರಿಂದ ಉಪಯೋಗ ಉಂಟೇ?

ಉತ್ತರ: ಖಂಡಿತ ಉಂಟು. ಆದರೆ ಒಂದೇ ತಾಸಿನಲ್ಲಿ ಹುಲಿ, ತಿಮಿಂಗಿಲ, ಪೆಂಗ್ವಿನ್ ಎಲ್ಲ ತೋರಿಸಿದರೆ ಯಾವುದೂ ತಲೆಯಲ್ಲಿ ನಿಲ್ಲದು. ಒಂದೇ ಜಾಗ ಆರಿಸಿಕೊಳ್ಳಿ. ದಿನಕ್ಕೆ ಹತ್ತು ನಿಮಿಷದಂತೆ ವಾರವಿಡೀ ಅಲ್ಲಿಗೇ ಹೋಗಿ.

ನನ್ನ ಆಯ್ಕೆ ಅಲಾಸ್ಕಾದ ಕಟ್‌ಮೈ ರಾಷ್ಟ್ರೀಯ ಉದ್ಯಾನದ ಬ್ರೂಕ್ಸ್ ಜಲಪಾತ. ಎಕ್ಸ್‌ಪ್ಲೋರ್ ಡಾಟ್ ಆರ್ಗ್ ತಾಣದಲ್ಲಿ ಅಲ್ಲಿನ ನೇರ ಪ್ರಸಾರ ಪುಕ್ಕಟೆ ಸಿಗುತ್ತದೆ. ಜುಲೈನಲ್ಲಿ ಸಾಲ್ಮನ್ ಮೀನುಗಳು ಸಮುದ್ರ ಬಿಟ್ಟು, ತಾವು ಹುಟ್ಟಿದ ನೀರಿಗೆ ಮೊಟ್ಟೆಯಿಡಲು ಮರಳುತ್ತವೆ. ಜಲಪಾತ ಹಾರಿ ಮೇಲೇರುವ ಅವುಗಳಿಗಾಗಿ ಅಂಚಿನಲ್ಲಿ ಕಂದು ಕರಡಿ ಬಾಯಿ ತೆರೆದು ನಿಂತಿರುತ್ತದೆ. ನಿಮ್ಮಲ್ಲಿ ಪ್ರಾರ್ಥನೆ ಮುಗಿದು ಬೆಳಿಗ್ಗೆ ಹತ್ತಾದಾಗ ಅಲ್ಲಿ ಹಿಂದಿನ ದಿನದ ರಾತ್ರಿ ಎಂಟೂವರೆ, ಆದರೂ ಬಿಸಿಲು! 'ರಾತ್ರಿ ಆದ್ರೂ ಹೊತ್ತು ಯಾಕ ಮುಳುಗಿಲ್ರಿ?' ಎಂದು ಮಕ್ಕಳೇ ಕೇಳುತ್ತಾರೆ. ಆಗ ಗ್ಲೋಬ್ ಹೊರತೆಗೆಯಿರಿ. ಇಂಗ್ಲಿಷ್ ಮಾತು ಬಂದರೆ ಧ್ವನಿ ತೆಗೆದುಬಿಡಿ. ಕೆಲವೊಮ್ಮೆ ಐದು ನಿಮಿಷ ಕರಡಿಯೂ ಇಲ್ಲ, ಮೀನೂ ಇಲ್ಲ, ಬರೀ ನೀರು. ಚಾನೆಲ್ ಬದಲಿಸಬೇಡಿ. ಕಾಯುವುದನ್ನು ಕಲಿಯದೆ ಯಾರೂ ನಿಸರ್ಗ ನೋಡಲಾರರು.

ಬಾಗಲಕೋಟೆ ಕಡೆಯ ಶಾಲೆಯೊಂದರಲ್ಲಿ ನಾನು ಇದನ್ನು ತೋರಿಸಿದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತ: 'ನಮ್ಮ ಹಳ್ಳದಾಗೂ ಹೊಸ ನೀರು ಬಂದ್ರ ಮೀನಾ ಹಿಂಗ ಮ್ಯಾಲ ಏರತಾವ್ರಿ!' ಅಲ್ಲಿಯವರೆಗೆ ಒಂದು ಮಾತೂ ಆಡದವನು ಅವನು. ಪಕ್ಕದ ಹುಡುಗಿ ಕೇಳಿದಳು, 'ಆಲಮಟ್ಟಿ ಡ್ಯಾಮ್ ಹೆಂಗ ಏರತಾವು?' ಬ್ರೂಕ್ಸ್ ಜಲಪಾತ ಎರಡು ಮೀಟರಿಗೂ ಕಡಿಮೆ, ಆಲಮಟ್ಟಿ ಸುಮಾರು 50 ಮೀಟರ್. ಏರಲಾರವು ಎಂದೆ. ತರಗತಿ ಸ್ತಬ್ಧವಾಯಿತು. ಅಂಥ ಪ್ರಶ್ನೆ ಬಂದ ದಿನ ಮರೆವಿನ ಚಿಂತೆ ಬೇಡ.

ಆದರೆ ಕೈಗೆಟುಕುವುದನ್ನು ಪರದೆಯಲ್ಲಿ ತೋರಿಸಬೇಡಿ. ಮಳೆಗಾಲದಲ್ಲಿ ಗೀಜಗ ನಿಮ್ಮೂರ ಬಾವಿಯ ಮೇಲಿನ ಜಾಲಿ ಗಿಡದಲ್ಲೇ ಗೂಡು ನೇಯುತ್ತಿರುತ್ತದೆ. ಗಂಡು ಅರ್ಧ ನೇಯ್ದು ನಿಲ್ಲಿಸುತ್ತದೆ. ಹೆಣ್ಣು ಬಂದು ನೋಡಿ ಒಪ್ಪಿದರಷ್ಟೇ ಉಳಿದರ್ಧ. ಒಪ್ಪದೆ ಬಿಟ್ಟ ಗೂಡುಗಳು ಹಾಗೆಯೇ ತೂಗುತ್ತಿರುತ್ತವೆ, ಮಕ್ಕಳು ಎಣಿಸಲಿ. ಗಾಳಿಗೆ ಬಿದ್ದ ಹಳೆಯ ಗೂಡು ಸಿಕ್ಕರೆ ಮೆಲ್ಲಗೆ ಬಿಡಿಸಿ ನೋಡಿ, ಒಳಗೋಡೆಗೆ ಮೆತ್ತಿದ ಒಣಮಣ್ಣು ಬೆರಳಿಗೆ ಸಿಗುತ್ತದೆ. ಬಾವಿಯ ದಂಡೆಗೆ ಮಕ್ಕಳನ್ನು ಬಿಡಬೇಡಿ, ದೂರದಿಂದಲೇ ನೋಡಲಿ.

ಗಿಡ, ಹುಳುಗಳ ಹೆಸರಿಗೆ, ಕ್ಯಾಮೆರಾ ಹಿಡಿದರೆ ಗುರುತಿಸುವ 'ಸೀಕ್' ಆ್ಯಪ್ ಸಾಕು; ಖಾತೆ ತೆರೆಯಬೇಕಿಲ್ಲ. ಫೋನ್ ನಿಮ್ಮ ಕೈಯಲ್ಲೇ ಇರಲಿ. ನೆಟ್ ಕೈಕೊಡುವ ದಿನಕ್ಕೆಂದು ಒಂದೆರಡು ವಿಡಿಯೊ ಮೊದಲೇ ಇಳಿಸಿಟ್ಟುಕೊಳ್ಳಿ.

ದಿನಾಂಕ ಮಾತ್ರ ಈಗಲೇ ಗೊತ್ತುಮಾಡಬೇಡಿ. ನಿಮ್ಮ ಹಳ್ಳಕ್ಕೆ ಕೆಂಪು ನೀರು ಬರಲಿ, ಮರುದಿನ ಬೆಳಿಗ್ಗೆ ಟಿವಿ ಹಚ್ಚಿ.