ಅಕ್ಕೋರನ್ನು ಕೇಳಿ: ‘ಏನು’ ಅಲ್ಲ, ‘ಏನನ್ನು’

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ಇಂಗ್ಲಿಷ್ ಟೆಸ್ಟಿನಲ್ಲಿ ಡೈರೆಕ್ಟ್ ಆಬ್ಜೆಕ್ಟಿಗೆ, ಅಂದರೆ ಕರ್ಮಪದಕ್ಕೆ, ಗೆರೆ ಎಳೆಯಲು ಕೊಟ್ಟಿದ್ದರು. ‘ಮೈ ಅಂಕಲ್ ಬಿಕೇಮ್ ಎ ಡ್ರೈವರ್’ ಎಂಬಲ್ಲಿ ಡ್ರೈವರಿಗೆ, ‘ದಿ ಕಾಳಿ ಫ್ಲೋಸ್ 184 ಕಿಲೋಮೀಟರ್ಸ್’ ಎಂಬಲ್ಲಿ ಕಿಲೋಮೀಟರಿಗೆ ಎಳೆದಳು. ಎರಡಕ್ಕೂ ಸೊನ್ನೆ. ಕ್ರಿಯಾಪದಕ್ಕೆ ‘ವಾಟ್’ ಹಚ್ಚಿ ಕೇಳಿದರೆ ಸಿಗುವುದೇ ಆಬ್ಜೆಕ್ಟ್ ಎಂದು ಅವರೇ ಕಲಿಸಿದ್ದಲ್ವಾ? ದಪ್ಪನೆಯ ಗ್ರಾಮರ್ ಪುಸ್ತಕ ಏನಾದರೂ ತರಬೇಕಾ?
– ಓದುಗಿ, ಸದಾಶಿವಗಡ

ಉತ್ತರ: ಪುಸ್ತಕ ಬೇಡ. ಸೊನ್ನೆ ಸರಿಯೇ ಇದೆ, ಆದರೆ ಕೂಸಿನ ಮೇಲೆ ಸಿಟ್ಟಾಗಬೇಡಿ. ‘ವಾಟ್’ ಸೂತ್ರ ಅರ್ಧ ದಾರಿಗೆ ಕೈಕೊಡುತ್ತದೆ. ಗೆರೆ ಎಳೆಸುವ ಟೆಸ್ಟುಗಳೇ ನನಗೆ ಹಿಡಿಸುವುದಿಲ್ಲ, ಅದು ಬೇರೆ ಮಾತು.

ನನ್ನ ಕ್ಲಾಸಿನಲ್ಲಿ ಈ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿಸುತ್ತಿದ್ದೆ. ಇಂಗ್ಲಿಷಿನ ‘ವಾಟ್’ಗೆ ‘ಏನು’, ‘ಏನನ್ನು’ ಎರಡೂ ಒಂದೇ. ನಮಗೆ ಬೇಕಾದದ್ದು ‘ಏನನ್ನು’ ಅಥವಾ ‘ಯಾರನ್ನು’. ಅಂಕಲ್ ಏನಾದರು? ಡ್ರೈವರ್ ಆದರು. ‘ಡ್ರೈವರನ್ನು ಆದರು’ ಎಂದು ಯಾರಾದರೂ ಅನ್ನುತ್ತಾರಾ? ಅಂಕಲ್ಲೇ ಡ್ರೈವರ್, ಇಬ್ಬರೂ ಒಬ್ಬರೇ. ಅದು ಕಾಂಪ್ಲಿಮೆಂಟ್, ಅಂದರೆ ಸಬ್ಜೆಕ್ಟ್ ಯಾರು, ಏನು ಎಂದು ಹೇಳುವ ಪದ. ‘ಮೈ ಅಂಕಲ್ ಕಾಲ್ಡ್ ಎ ಡ್ರೈವರ್’ ಎಂದು ಬದಲಿಸಿ. ಯಾರನ್ನು ಕರೆದರು? ಡ್ರೈವರನ್ನು. ಈಗ ಇಬ್ಬರು ಬೇರೆ ಬೇರೆ. ಗೆರೆ ಎಳೆಯಲಿ.

ಕಾಳಿಯ ವಾಕ್ಯದಲ್ಲಿ ‘ಏನನ್ನು ಹರಿಯುತ್ತದೆ’ ಎಂಬ ಪ್ರಶ್ನೆಯೇ ಹೊಂದುವುದಿಲ್ಲ. ‘ಎಷ್ಟು ದೂರ’ ಎಂದೇ ಕೇಳಬೇಕು. ದೂರ, ಹೊತ್ತು, ದಿನ ಹೇಳುವ ನಾಮಪದಗಳು ಕ್ರಿಯಾಪದದ ಬೆನ್ನಿಗೇ ಕೂತು ಮಕ್ಕಳನ್ನು ಏಮಾರಿಸುತ್ತವೆ. ಅವು ಮಾಡುವುದು ಆಡ್‌ವರ್ಬಿನ ಕೆಲಸ. ಕಾಳಿ ನದಿಯ ಸೇತುವೆ ದಾಟಿ ಕಾರವಾರಕ್ಕೆ ಹೋಗುವವರು ನೀವು. ಹಾಗಾಗಿ ಈ ವಾಕ್ಯ ನೋಡಿ: ‘ವೀ ಕ್ರಾಸ್ ದಿ ಕಾಳಿ ಎವರಿ ಡೇ’. ಏನನ್ನು ದಾಟುತ್ತೇವೆ? ಕಾಳಿಯನ್ನು. ‘ಎವರಿ ಡೇ’ ಯಾವಾಗ ಎಂದು ಹೇಳುತ್ತದೆ, ಅಷ್ಟೇ. ಟೆಸ್ಟಿನ ವಾಕ್ಯದಲ್ಲಿ ಸಬ್ಜೆಕ್ಟ್ ಆಗಿದ್ದ ಕಾಳಿ ಇಲ್ಲಿ ಡೈರೆಕ್ಟ್ ಆಬ್ಜೆಕ್ಟ್. ‘ಕದ್ರಾ ಡ್ಯಾಮ್ ಈಸ್ ಆನ್ ದಿ ಕಾಳಿ’ ಎಂದರೆ ಅದೇ ಕಾಳಿ ‘ಆನ್’ ಎಂಬ ಪ್ರಿಪೊಸಿಷನ್ನಿನ ಆಬ್ಜೆಕ್ಟ್. ಇಂಗ್ಲಿಷಿನಲ್ಲಿ ‘ಹೀ’ ಹೋಗಿ ‘ಹಿಮ್’ ಆಗುವ ಹಾಗೆ ನಾಮಪದದ ರೂಪ ಬದಲಾಗುವುದಿಲ್ಲ. ನಿಂತ ಜಾಗ ನೋಡಿಯೇ ಕೆಲಸ ಗುರುತಿಸಬೇಕು.

ಮಾತಿನಲ್ಲಿ ನಾವು ‘ಬಂಗಡೆ ತಂದೆ’ ಅನ್ನುತ್ತೇವೆ, ‘ಅನ್ನು’ ಬಿಟ್ಟುಬಿಡುತ್ತೇವೆ. ಪರವಾಗಿಲ್ಲ. ಹಚ್ಚಿದರೆ ನಿಲ್ಲುತ್ತದೆಯಾ ಎಂಬುದಷ್ಟೇ ಮುಖ್ಯ.

‘ಅಜ್ಜಿ ಗೇವ್ ದಿ ಕಾಫ್ ಎ ಬನಾನಾ’ ಎಂಬಲ್ಲಿ ಕ್ರಿಯಾಪದದ ಪಕ್ಕದಲ್ಲೇ ಇರುವುದು ಕರು. ಮಕ್ಕಳು ಅದಕ್ಕೇ ಗೆರೆ ಎಳೆಯುತ್ತಾರೆ. ಅಜ್ಜಿ ಕೊಟ್ಟದ್ದು ಬಾಳೆಹಣ್ಣನ್ನು, ಕರುವಿಗೆ. ‘ಗೆ’ ಬಂದರೆ ಇನ್‌ಡೈರೆಕ್ಟ್ ಆಬ್ಜೆಕ್ಟ್.

ಈ ಉಪಾಯವೂ ಎರಡು ಕಡೆ ಜಾರುತ್ತದೆ. ‘ಶೀ ಲುಕ್ಡ್ ಅಟ್ ದಿ ಬೋಟ್’ ಎಂಬುದಕ್ಕೆ ನಾವು ‘ದೋಣಿಯನ್ನು ನೋಡಿದಳು’ ಅನ್ನುತ್ತೇವೆ. ಆದರೆ ಇಂಗ್ಲಿಷಿನಲ್ಲಿ ನಡುವೆ ‘ಅಟ್’ ಇದೆ. ಶಾಲೆಯ ಲೆಕ್ಕದಲ್ಲಿ ದೋಣಿ ಆ ಪ್ರಿಪೊಸಿಷನ್ನಿಗೆ ಸೇರಿದ್ದು. ಇನ್ನೊಂದು ‘ವೀ ಲೈಕ್ ಫಿಶ್’. ನಮಗೆ ಮೀನು ಇಷ್ಟ, ‘ಮೀನನ್ನು ಇಷ್ಟ’ ಅಲ್ಲ. ಆದರೂ ಇಂಗ್ಲಿಷಿನಲ್ಲಿ ‘ಫಿಶ್’ ಡೈರೆಕ್ಟ್ ಆಬ್ಜೆಕ್ಟೇ. ಲೈಕ್, ನೋ (ಗೊತ್ತು), ವಾಂಟ್, ಹ್ಯಾವ್ ಬಂದಾಗ ಕನ್ನಡವನ್ನು ನಂಬಿ ಕೂರಬೇಡಿ.

ಅನುಮಾನ ಬಂದರೆ ಪ್ಯಾಸಿವ್ ಮಾಡಿಸಿ, ಅಂದರೆ ಆ ನಾಮಪದವನ್ನೇ ಸಬ್ಜೆಕ್ಟ್ ಮಾಡಿ ವಾಕ್ಯ ತಿರುಗಿಸಲಿ. ‘ದಿ ಕಾಳಿ ಈಸ್ ಕ್ರಾಸ್ಡ್’ ಆಗುತ್ತದೆ. ‘ಎ ಡ್ರೈವರ್ ವಾಸ್ ಬಿಕಮ್’ ಆಗುವುದೇ ಇಲ್ಲ. ‘ಅವರ್ ಹೌಸ್ ಹ್ಯಾಸ್ ಎ ವೆಲ್’ ಥರದ್ದಕ್ಕೆ ಈ ಪರೀಕ್ಷೆ ಸಲ್ಲದು. ಬಾವಿ ಆಬ್ಜೆಕ್ಟೇ, ಆದರೂ ಪ್ಯಾಸಿವ್ ಆಗುವುದಿಲ್ಲ.

ಕೂಸಿಗೆ ಇದನ್ನು ಕೊಟ್ಟು ನೋಡಿ: ‘ದಿ ಬೋಟ್‌ಮನ್ ಶೋಡ್ ದಿ ಚಿಲ್ಡ್ರನ್ ಡಾಲ್ಫಿನ್ಸ್ ನಿಯರ್ ದಿ ಐಲೆಂಡ್ ದಿಸ್ ಮಾರ್ನಿಂಗ್’. ಐದು ನಾಮಪದ, ಐದು ಕೆಲಸ. ಗೆರೆ ಡಾಲ್ಫಿನ್ಸ್ ಒಂದಕ್ಕೇ ಬೀಳಬೇಕು. ಚಿಲ್ಡ್ರನ್‌ಗೂ ಎಳೆದರೆ ಅಜ್ಜಿ-ಕರುವಿನ ವಾಕ್ಯ ಇನ್ನೊಮ್ಮೆ ಓದಿಸಿ.